ಗೋಡೆ ಕಡೆಯ ಕುರ್ಚಿ

ಚಳಿ ಕಾಲು ತೆಗೆದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಅಂಥದೊಂದು ಭಾನುವಾರದ ಬೆಳಿಗ್ಗೆ, ರಸ್ತೆ ಗುಡಿಸಿದವರ ಧೂಳು ಕೆಳಗಿಳಿಯುವ ಮೊದಲು, ಕ್ಷೌರದ ಅಂಗಡಿಯ ಶಟರು ಎತ್ತುವಾಗಲೇ ಅವನಿಗೆ ಸಿಟ್ಟು ಹತ್ತಿತ್ತು. ಶಟರು ಒಂದು ಬದಿಗೆ ಕಚ್ಚಿಕೊಂಡಿತ್ತು. ತಮ್ಮ ಬಂದು ಆ ಬದಿಗೆ ಕೈ ಕೊಟ್ಟ. ಇಬ್ಬರ ಬಲವೂ ಬಿದ್ದ ಮೇಲೆ ಅದು ಏನೂ ನಡೆದೇ ಇಲ್ಲವೆನ್ನುವ ಹಾಗೆ ಸರ್ರನೆ ಮೇಲೆ ಹೋಯಿತು. ಎಣ್ಣೆ ಬಿಡಬೇಕು ಇದಕ್ಕೆ ಎಂದ ತಮ್ಮ. ಅದಕ್ಕೂ ಅವನಿಗೆ ಸಿಟ್ಟು ಬಂತು. ಎಣ್ಣೆ ಬಿಡಬೇಕಾಗಿದ್ದವನು ಇಷ್ಟು ವರ್ಷ ಎಲ್ಲಿ ಬಿದ್ದಿದ್ದ? ಹಾಗೆಲ್ಲ ಕೇಳಬಾರದು ಎಂದು ಆಸ್ಪತ್ರೆಯ ಕೌನ್ಸೆಲರ್ ಮೇಡಂ ಹೇಳಿದ್ದರು. ಹಳೆಯದನ್ನು ಎತ್ತಬೇಡಿ, ಕೈಗೊಂದು ಕೆಲಸ ಕೊಡಿ, ಕೆಲಸವಿದ್ದರೆ ಸೂಜಿ ನೆನಪಾಗುವುದು ಕಡಿಮೆ, ಮಾತ್ರೆ ತಪ್ಪಿಸದೆ ನುಂಗಿದರೆ ಎಲ್ಲರ ಹಾಗೆ ಮುದುಕರಾಗಿಯೇ ಸಾಯುತ್ತಾರೆ ಎಂದಿದ್ದರು. ಅವನು ಎತ್ತಲಿಲ್ಲ. ತಮ್ಮ ಮಾತ್ರೆ ನುಂಗಿದ ಹಾಗೆ ಅವನೂ ಒಂದೊಂದು ಮಾತು ನುಂಗುತ್ತ ಬಂದಿದ್ದ.

ಅಂಗಡಿಯಲ್ಲಿ ಎರಡು ಕುರ್ಚಿ. ಬಾಗಿಲ ಕಡೆಯದು ಅವನದು, ಗೋಡೆ ಕಡೆಯದು ತಮ್ಮನದು. ಅಪ್ಪ ಇದ್ದಾಗ ಬಾಗಿಲ ಕಡೆ ಅಪ್ಪ, ಗೋಡೆ ಕಡೆ ಅವನು. ತಮ್ಮ ನಶೆ ಬಿಡಿಸುವ ಚಿಕಿತ್ಸೆಯ ಕೇಂದ್ರದಿಂದ ಬಂದು ಬಿಳಿ ಕೋಟು ತೊಟ್ಟು ಗೋಡೆ ಕಡೆ ನಿಂತು ತಿಂಗಳಾಗಿತ್ತು. ಆ ಕುರ್ಚಿಯಲ್ಲಿ ಒಬ್ಬರೂ ಕೂತಿರಲಿಲ್ಲ. ಕೂರುವ ಜಾಗದ ರೆಕ್ಸಿನ್ನಿನ ಮೇಲೆ ತಮ್ಮ ದಿನವೂ ಒದ್ದೆ ಬಟ್ಟೆ ಎಳೆಯುತ್ತಿದ್ದ, ಕತ್ತರಿಗೆ ಎಣ್ಣೆ ಹಚ್ಚುತ್ತಿದ್ದ, ಮಷಿನ್ನಿನ ಹಲ್ಲುಗಳ ನಡುವೆ ಬ್ರಶ್ಶು ಆಡಿಸುತ್ತಿದ್ದ. ಸಿಕ್ಕಿಕೊಳ್ಳಲು ಅಲ್ಲಿ ಕೂದಲೇ ಇರಲಿಲ್ಲ. ಹಿಂದಿನ ದಿನ ಊಟಕ್ಕೆ ಕೂತಾಗ ತಮ್ಮ, ನನ್ನಿಂದ ನಿನ್ನ ಅಂಗಡಿಯೂ ಹಾಳಾಗುತ್ತೆ ಅಣ್ಣಾ, ಎಲ್ಲಾದರೂ ಹೋಗ್ತೀನಿ ಎಂದಿದ್ದ. ಎಲ್ಲಾದರೂ ಎಂದರೆ ಎಲ್ಲಿ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಮುಚ್ಚಿದ ಗಿರಣಿಯ ಹಿಂದಿನ ಗೋಡೆ, ಅಲ್ಲಿ ಒಂದೇ ಸೂಜಿ ಕೈಯಿಂದ ಕೈಗೆ. ಈ ಭಾನುವಾರ ಒಂದು ನೋಡೋಣ ಎಂದಿದ್ದ ಅವನು. ಭಾನುವಾರ ಜನ ಜಾಸ್ತಿ. ಎಷ್ಟು ಹೊತ್ತು ಅಂತ ಕಾಯುತ್ತಾರೆ, ಒಬ್ಬನಾದರೂ ಎದ್ದು ಹೋಗಿ ಆ ಕುರ್ಚಿಯಲ್ಲಿ ಕೂತಾನು. ಒಬ್ಬ ಕೂತರೆ ಸಾಕಿತ್ತು.

ಕಾದರು. ಬೆಂಚಿನ ಮೇಲೆ ಒತ್ತಿಕೊಂಡು ಕೂತು ಕಾದರು. ಪಿಂಚಣಿಯ ಮೇಷ್ಟ್ರು ಪೇಪರಿನ ಒಂದೇ ಪುಟವನ್ನು ಹಿಡಿದುಕೊಂಡಿದ್ದರು. ಮಡಚುವಾಗ ಕಣ್ಣೆಲ್ಲಿ ಗೋಡೆ ಕಡೆಗೆ ಹೋದೀತೋ ಎಂಬ ಭಯಕ್ಕೆ ಪುಟ ತಿರುಗಿಸುತ್ತಲೇ ಇರಲಿಲ್ಲ. ಪಕ್ಕದಲ್ಲಿ ಬಸ್ಸಿನ ಡ್ರೈವರು, ಡ್ಯೂಟಿಯ ಬಟ್ಟೆಯಲ್ಲೇ ಬಂದು, ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದ. ಬನ್ನಿ ಸಾರ್, ಇಲ್ಲಿ ಖಾಲಿ ಇದೆ ಎಂದು ತಮ್ಮ ಬೆಳಿಗ್ಗೆ ಒಂದು ಸಲ ಕರೆದ. ಮೇಷ್ಟ್ರು ಪೇಪರಿನ ಹಿಂದಿನಿಂದಲೇ, ಇರಲಪ್ಪಾ, ನನಗೇನು ಅವಸರ, ಮನೆಯಲ್ಲಿ ಯಾರು ಕಾಯ್ತಿದಾರೆ ಎಂದರು. ತಮ್ಮ ಎರಡನೆಯ ಸಲ ಕರೆಯಲಿಲ್ಲ. ಮೇಷ್ಟ್ರ ಕಿವಿಯೊಳಗಿನ ಕೂದಲನ್ನು ಮೊದಲೆಲ್ಲ ತೆಗೆಯುತ್ತಿದ್ದವನು ಯಾರು? ಅವರ ಹೆಂಡತಿ ತೀರಿದ ದಿನ ಮನೆಗೆ ಹೋಗಿ ಅವರ ಗಡ್ಡ ತೆಗೆದವನು ಈ ತಮ್ಮನೇ. ಕೈ ಎಷ್ಟು ಹಗುರ ನಿಂದು ಎಂದು ಅಳುತ್ತಲೇ ಹೇಳಿದ್ದರು. ಈಗ ಅವರ ಸರದಿ ಬಂದು, ಬಾಗಿಲ ಕಡೆಯ ಕುರ್ಚಿಯಲ್ಲಿ ಕೂತು, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಳ್ಳುವಾಗ, ಬ್ಲೇಡು ಹೊಸದು ತಾನೇ ಎಂದು ಕೇಳಿದರು. ಅವನು ಹೊಸ ಬ್ಲೇಡನ್ನು ಅವರ ಕಣ್ಣ ಮುಂದೆ ಕಾಗದ ಬಿಚ್ಚಿ, ಎರಡಾಗಿ ಮುರಿದು, ಅರ್ಧವನ್ನು ಕತ್ತಿಗೆ ಸಿಕ್ಕಿಸಿ ತೋರಿಸಿದ. ಎಲ್ಲರಿಗೂ ಹಾಗೇ ತೋರಿಸುತ್ತಿದ್ದ. ಆದರೆ ಮೊದಲು ಯಾರೂ ಕೇಳುತ್ತಿರಲಿಲ್ಲ. ತಪ್ಪು ತಿಳೀಬೇಡ, ಸುಮ್ಮನೆ ಕೇಳಿದೆ ಎಂದರು ಮೇಷ್ಟ್ರು. ಸುಮ್ಮನೆ! ಅವನು ಹಲ್ಲು ಕಚ್ಚಿ ನೊರೆ ಹಚ್ಚಿದ.

ನೊರೆಯ ಹಾಗೇ ಬಿಳಿ, ಆ ಆಸ್ಪತ್ರೆಯ ಗೋಡೆ. ಉದ್ದ ವರಾಂಡ, ಎರಡೂ ಬದಿ ಜನ, ಮಡಿಲಲ್ಲಿ ಚೀಟಿ ಹಿಡಿದ ಜನ. ನರ್ಸಮ್ಮ ಬಾಗಿಲಿಂದ ತಲೆ ಹೊರಗೆ ಹಾಕಿ, ಸೂಜಿ ಹುಡುಗನ ಕಡೆಯವರು ಯಾರ್ರೀ, ಎದ್ದು ಬನ್ನಿ ಎಂದು ಕೂಗಿದ್ದಳು. ಕೂತಲ್ಲಿಂದ ಆ ಬಾಗಿಲಿಗೆ ಹೋಗುವಷ್ಟರಲ್ಲಿ ಅವನ ಚಪ್ಪಲಿಯ ಸದ್ದು ಅವನಿಗೇ ಕೇಳಿಸಿತ್ತು. ಕೂತಿದ್ದವರು ಕಾಲು ಮಡಚಿಕೊಂಡು ದಾರಿ ಬಿಟ್ಟಿದ್ದರು, ದೊಡ್ಡವರಿಗೆ ಬಿಡುವ ಹಾಗೆ. ಒಳಗೆ ಕೌನ್ಸೆಲರ್ ಮೇಡಂ ಬಾಗಿಲು ಮುಚ್ಚಿ, ಕೂರಿಸಿ, ನಿಧಾನವಾಗಿ ಹೇಳಿದ್ದರು. ಒಟ್ಟಿಗೆ ಉಂಡರೆ ಬರೋದಿಲ್ಲ, ಮುಟ್ಟಿದರೆ ಬರೋದಿಲ್ಲ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಬರೋದಿಲ್ಲ. ಮಾತ್ರೆ ನುಂಗ್ತಾ ಇದ್ದರೆ ಎಚ್‌ಐವಿ ವೈರಸ್ಸು ಕೈಕಾಲು ಕಟ್ಟಿದ ಹಾಗೆ ಬಿದ್ದಿರುತ್ತೆ. ಅವನು ತನ್ನ ಎರಡೂ ಕೈಯನ್ನು ಮೇಜಿನ ಮೇಲಿಟ್ಟು, ನಮ್ಮದು ಕ್ಷೌರದ ಕೆಲಸ ಮೇಡಂ, ಒಂದೊಂದು ಸಲ ಕುಯ್ಯುತ್ತೆ ಎಂದಿದ್ದ. ಆಕೆ ಅವನ ಕೈ ತಿರುಗಿಸಿ ನೋಡಿ, ಬೆರಳಲ್ಲಿ ಗಾಯ ಇಲ್ಲ ತಾನೇ, ಮತ್ತೇನು ಭಯ, ರಕ್ತ ತಾಗಿದರೆ ಸೋಪು ಹಾಕಿ ತೊಳಕೊಳ್ಳಿ ಅಷ್ಟೇ ಎಂದಿದ್ದರು. ಅವನಿಗೆ ಎಲ್ಲ ಅರ್ಥವಾಗಿತ್ತು. ಹೊರಗೆ ಬಂದು ತಮ್ಮನ ಹೆಗಲಿಗೆ ಕೈ ಹಾಕಿ, ಆ ವರಾಂಡದ ಉದ್ದಕ್ಕೂ, ಕಾಲು ಮಡಚಿಕೊಂಡವರ ಎದುರಿನಿಂದಲೇ, ಬೇಕೆಂದೇ ನಿಧಾನವಾಗಿ ನಡೆದಿದ್ದ.

ತಮ್ಮ ಮನೆಗೆ ಬಂದ ವಾರದಲ್ಲೇ ತನ್ನ ಲೋಟದ ತಳಕ್ಕೆ ಮೊಳೆಯಿಂದ ಒಂದು ಗೀಟು ಹಾಕಿಕೊಂಡ. ಯಾವುದು ನಿನ್ನ ಲೋಟ ಎಂದು ಅತ್ತಿಗೆ ಬಾಯಿಬಿಟ್ಟು ಕೇಳುವ ಹಾಗಾಗಬಾರದು ಎಂದು. ಪಾತ್ರೆ ತಿಕ್ಕುವಾಗ ಅವಳ ಬೆರಳಿಗೆ ಅದು ಸಿಕ್ಕಿತು. ಕೈ ಒರೆಸಿಕೊಂಡು, ಅದೇ ಮೊಳೆ ಹುಡುಕಿ ತಂದು, ಅಡುಗೆಮನೆಯ ನೆಲದ ಮೇಲೆ ಕೂತು, ಮನೆಯಲ್ಲಿದ್ದ ಅಷ್ಟೂ ಲೋಟಗಳ ತಳಕ್ಕೆ ಅಂಥದೇ ಗೀಟು ಹಾಕಿದಳು. ಕರ್ರ್ ಕರ್ರ್ ಎಂದು ಹಲ್ಲು ಜುಮ್ಮೆನ್ನುವ ಸದ್ದು. ಏನೇ ಅದು ಎಂದು ಅವನು ಒಳಗೆ ಬಂದರೆ, "ನಿಮ್ಮ ತಮ್ಮ ಶೋಕಿ ಮಾಡ್ಕೊಂಡಿದ್ದ. ನಮಗೂ ಬೇಡ್ವಾ?" ಎಂದಳು. ಆಮೇಲೆ ಯಾವುದು ಯಾರ ಲೋಟ ಎಂದು ಯಾರಿಗೂ ತಿಳಿಯದಾಯಿತು. ಅವನು ನಕ್ಕಿದ್ದ. ನಗುತ್ತಲೇ ಆ ದಿನದ ಕಾಫಿಯನ್ನು, ಲೋಟದ ಅಂಚಿಗೆ ತುಟಿ ತಾಗಿಸದೆ, ಮೇಲಿಂದ ಎತ್ತಿ ಬಾಯಿಗೆ ಸುರಿದುಕೊಂಡಿದ್ದ. ಬಿಸಿ ಇತ್ತು, ಅದಕ್ಕೆ. ಬಿಸಿಯೇ ಇತ್ತು.

ಮೇಷ್ಟ್ರ ಗಡ್ಡ ಮುಗಿಯುವ ಹೊತ್ತಿಗೆ ಮೆಡಿಕಲ್ ಶಾಪಿನವನು ಬಂದ. ಎದುರು ಸಾಲಿನ ಅಂಗಡಿ ಅವನದು; ಬೀದಿಯ ಸಂಘಕ್ಕೂ ಅವನೇ ಅಧ್ಯಕ್ಷ. ಡ್ರೈವರಿಗಿಂತ ಹಿಂದೆ ಬಂದರೂ ಅವನಿಗೆ ಸರದಿ ಎಂಬುದಿಲ್ಲ, ಬಂದವನೇ ನೇರ ಕೂರುವುದು. ಮೇಷ್ಟ್ರು ಎದ್ದ ಕೂಡಲೇ ಕೂತ. ತಲೆಯನ್ನು ಹಿಂದಕ್ಕೆ ಒರಗಿಸಿ, ಗಂಟಲು ಮೇಲೆ ಮಾಡಿ, ಕಣ್ಣು ಮುಚ್ಚಿದ. ಈ ಗಂಟಲಿನ ಒಂದೊಂದು ಮಡಿಕೆಯೂ ಕತ್ತಿ ಹಿಡಿದವನಿಗೆ ಗೊತ್ತು. ಎಡಗಡೆ ದವಡೆಯ ಕೆಳಗೊಂದು ಗಂಟು, ಅದರ ಸುತ್ತ ಕತ್ತಿ ಬಳಸಿ ಹೋಗಬೇಕು. ನೊರೆ ಹಚ್ಚುತ್ತ ಹಚ್ಚುತ್ತ ಅವನಿಗೆ ಆ ಮೆಡಿಕಲ್ ಶಾಪಿನ ಹಿಂದಿನ ಕಿಟಕಿ ನೆನಪಾಯಿತು. ಮುಂದಿನಿಂದ ಚೀಟಿಯಿದ್ದವರಿಗೆ ಔಷಧಿ. ಹಿಂದಿನ ಕಿಟಕಿಯಿಂದ ಚೀಟಿಯಿಲ್ಲದವರಿಗೆ ನಶೆಗೆಂದು ನೋವಿನ ಇಂಜೆಕ್ಷನ್ನು. ಔಷಧಿ ಕೊಟ್ಟರೂ ಸೂಜಿ ಮಾತ್ರ ಕೊಡುತ್ತಿರಲಿಲ್ಲ, ಸೂಜಿ ಕೊಟ್ಟರೆ ಜನಕ್ಕೆ ಗೊತ್ತಾಗಿಬಿಡುತ್ತದಂತೆ. ಹಾಗಾಗಿ ಗಿರಣಿಯ ಹಿಂದೆ ಔಷಧಿ ಎಲ್ಲರದು, ಸೂಜಿ ಒಂದೇ. ಒಂದು ಸಂಸ್ಥೆಯ ಹೆಂಗಸು ಚೀಲ ತಗಲಿಸಿಕೊಂಡು ಬರುತ್ತಿದ್ದಳು, ಹಳೆ ಸೂಜಿ ತಂದವರಿಗೆ ಹೊಸ ಸೂಜಿ ಕೊಡುತ್ತಿದ್ದಳು. ಬಿಡಿ ಅಂದರೆ ಇವತ್ತೇ ಬಿಡೋದಿಲ್ಲ, ಬಿಡೋವರೆಗೆ ಬದುಕಿರಲಿ ಎನ್ನುತ್ತಿದ್ದಳಂತೆ. ಹುಡುಗರಿಗೆ ಚುಚ್ಚಿಕೊಳ್ಳೋದು ಕಲಿಸ್ತಾಳೆ ಎಂದು ಬೀದಿಯವರು ಸೇರಿ ಅವಳ ಚೀಲ ಕಿತ್ತು ಚರಂಡಿಗೆ ಎಸೆದರು. ಮುಂದೆ ನಿಂತವನು ಇವನೇ, ಈ ಗಂಟಲೇ ಕೂಗಿದ್ದು. ಆ ದಿನ ಅಂಗಡಿಯ ಬಾಗಿಲಲ್ಲಿ ಕತ್ತರಿ ಹಿಡಿದು ನಿಂತು ಅವನೂ ನೋಡಿದ್ದ. ಒಳಗೆ ಕೂತ ಗಿರಾಕಿ ಅವಳ ಮೇಲೆ ಏನೋ ಒಂದು ಹೊಲಸು ಜೋಕು ಹೇಳಿದ. ಅವನು ನಕ್ಕಿದ್ದ. ಗಿರಾಕಿ ನಗಿಸಿದರೆ ನಗುವುದು ಕೆಲಸದ ಒಂದು ಭಾಗ. ಅವಳು ಮತ್ತೆ ಬರಲಿಲ್ಲ. ಮುಂದಿನ ಚಳಿಗಾಲಕ್ಕೆ ಗಿರಣಿಯ ಗೋಡೆ ಹಿಂದಿನವರಲ್ಲಿ ಒಬ್ಬ ಸತ್ತ, ಉಳಿದವರಿಗೆ ಒಬ್ಬೊಬ್ಬರಾಗಿ ಆಸ್ಪತ್ರೆಯ ಬಿಳಿ ಗೋಡೆ.

ಮೆಡಿಕಲ್ ಶಾಪಿನವನು ಕಣ್ಣು ಮುಚ್ಚಿಕೊಂಡೇ, ತಮ್ಮ ಅಲ್ಲೇ ಇಲ್ಲವೇನೋ ಎನ್ನುವ ಹಾಗೆ, ಶುರುಮಾಡಿದ. "ನಿನ್ನ ಒಳ್ಳೇದಕ್ಕೆ ಹೇಳ್ತೀನಪ್ಪಾ. ಅವನನ್ನ ಒಳಗಡೆ ಹಾಕು. ಟವೆಲ್ ಒಗೀಲಿ, ನೀರು ಕಾಯಿಸ್ಲಿ. ಬೇಡ ಅನ್ನಲ್ಲ. ಕತ್ತಿ ಕೊಡಬೇಡ."

ಕತ್ತಿ ಗಂಟಿನ ಹತ್ತಿರ ಬಂದಿತ್ತು. ಅವನು ಅದನ್ನು ಅಲ್ಲೇ ನಿಲ್ಲಿಸಿದ. ಚರ್ಮದ ಕೆಳಗೆ ನಾಡಿ ಬಡಿಯುವುದು ಕತ್ತಿಯ ಹಿಡಿಗೆ ಬಂದು ತಾಗಿತು. ಕೋಪ ಬಂದಾಗ ಕತ್ತಿ ಕೆಳಗಿಡಬೇಕು, ಹೋಗಿ ನೀರು ಕುಡಿದು ಬರಬೇಕು. ಅಪ್ಪ ಹೇಳಿಕೊಟ್ಟ ಮೊದಲ ಪಾಠ ಅದು, ಅದನ್ನೇ ಅವನು ತಮ್ಮನಿಗೂ ಹೇಳಿಕೊಟ್ಟಿದ್ದ. ಅವನು ಕೆಳಗಿಡಲಿಲ್ಲ.

"ನಿಮ್ಮ ಅಂಗಡಿ ಹಿಂದಿನ ಕಿಟಕಿ ಈಗ್ಲೂ ತೆಗೆದಿರುತ್ತಾ ಸ್ವಾಮೀ?" ಎಂದು ಕೇಳಿದ.

ಮೆತ್ತಗೆ ಕೇಳಿದ, ಬಿಸಿಲು ಹೇಗಿದೆ ಎಂದು ಕೇಳುವ ಹಾಗೆ. ಬೆಂಚಿನ ಮೇಲೆ ಡ್ರೈವರು ಗಡಿಯಾರ ನೋಡುವುದನ್ನು ಬಿಟ್ಟ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಮೇಷ್ಟ್ರು ಒಂದೇ ಕಾಲಿಗೆ ಮೆಟ್ಟಿ ನಿಂತರು. ಮೆಡಿಕಲ್ ಶಾಪಿನವನು ಕಣ್ಣು ತೆರೆದ. ಗಂಟಲ ಮೇಲೆ ಕತ್ತಿಯಿದ್ದುದರಿಂದ ತಲೆ ಅಲುಗಿಸಲಿಲ್ಲ. ಬಾಯಿಗೆ ಬಂದ ಹಾಗೆ ಮಾತಾಡಬೇಡ, ನೆಟ್ಟಗೆ ಕೆಲಸ ಮಾಡು ಎಂದ. ಅವನು ನೆಟ್ಟಗೇ ಮಾಡಿದ. ಗಂಟನ್ನು ಬಳಸಿ, ಒಂದು ಕೂದಲೂ ಬಿಡದೆ, ಒಂದು ಗೆರೆಯೂ ಕುಯ್ಯದೆ. ಅದೇ ಅವನಿಗೆ ಆಮೇಲೆ ಸಹಿಸಲಾಗದ್ದು: ಅಷ್ಟು ಸಿಟ್ಟಿನಲ್ಲೂ ಆ ಗಂಟಲಿಗೆ ಅವನ ಕೈ ಒಂದು ಗೀರೂ ಮಾಡಲಿಲ್ಲ. ಮುಖ ಒರೆಸಿಕೊಂಡು ಎದ್ದವನು ಹೋಗಲಿಲ್ಲ. ಮುಂದೇನು ನೋಡೋಣ ಎಂಬಂತೆ ಬಾಗಿಲಿಗೆ ಒರಗಿ ನಿಂತ.

ಮುಂದಿನ ಸರದಿ ಡ್ರೈವರದು. ಡ್ರೈವರು ಏಳುವ ಮೊದಲೇ, "ಬಾರೋ ಇಲ್ಲಿ" ಎಂದು ಅವನು ತಮ್ಮನನ್ನು ಕರೆದ. ತನ್ನ ಕುರ್ಚಿಯ ರೆಕ್ಸಿನ್ನಿನ ಮೇಲೆ ಟವೆಲಿನಿಂದ ಎರಡು ಏಟು ಹೊಡೆದು, "ಕೂತ್ಕೋ. ಗಡ್ಡ ನೋಡು ಹೇಗೆ ಬಿಟ್ಟಿದೀಯಾ" ಎಂದ. ತಮ್ಮ, ಬೇಡ ಅಣ್ಣಾ, ಜನ ಇದಾರೆ ಎಂದ. ಇರಲಿ ಅಂತಲೇ ಕರೆದಿದ್ದು ಎಂದು ಅವನು ತಮ್ಮನ ರಟ್ಟೆ ಹಿಡಿದು ಕೂರಿಸಿದ. ಎಲ್ಲರಿಗೂ ಸುತ್ತುವ ಬಟ್ಟೆಯನ್ನೇ ಸುತ್ತಿದ, ಎಲ್ಲರಿಗೂ ಹಚ್ಚುವ ಬ್ರಶ್ಶಿನಿಂದಲೇ ನೊರೆ ಹಚ್ಚಿದ. ಯಾರ ಕಡೆಗೂ ತಿರುಗದೆ, ಎದುರಿನ ಕನ್ನಡಿಯಲ್ಲೇ ಅಷ್ಟೂ ಮುಖಗಳನ್ನು ನೋಡಿದ. ನೋಡ್ರೋ ಎಂದು ಅವನ ಕೈ ಹೇಳುತ್ತಿತ್ತು. ನೋಡಿ, ಇದು ನನ್ನ ತಮ್ಮನ ಕೆನ್ನೆ, ಇದು ನನ್ನ ಬೆರಳು. ಕತ್ತಿ ಬೇಗ ಬೇಗ ಓಡಿತು. ತಮ್ಮನ ಕೆನ್ನೆ ಒಳಕ್ಕೆ ಹೋಗಿತ್ತು. ಬೆರಳಿಂದ ಚರ್ಮ ಎಳೆದು ಬಿಗಿ ಮಾಡಿಕೊಳ್ಳದಿದ್ದರೆ ಅಂಥ ಕೆನ್ನೆ ಕುಯ್ಯುತ್ತದೆ. ಮೊನ್ನೆ ಮೊನ್ನೆ ಕೆಲಸಕ್ಕೆ ನಿಂತವನಿಗೂ ಗೊತ್ತಿರುವ ವಿಷಯ. ಅವನು ಕನ್ನಡಿಯಲ್ಲಿ ಬಾಗಿಲಿಗೆ ಒರಗಿದ್ದವನ ಮುಖ ನೋಡುತ್ತಿದ್ದ.

ಕುಯ್ಯಿತು. ದವಡೆಯ ಅಂಚಿಗೆ, ಚಿಕ್ಕದು. ಬಿಳಿ ನೊರೆಯೊಳಗೆ ಒಂದು ಕೆಂಪು ಚುಕ್ಕಿ ಎದ್ದು, ಅಗಲವಾಗಿ, ಕೆಳಕ್ಕೆ ಇಳಿಯತೊಡಗಿತು.

ಕುಯ್ದರೆ ಮೊದಲು ಹೆಬ್ಬೆರಳು, ಆಮೇಲೆ ಪಟಿಕದ ಕಲ್ಲು. ಅಪ್ಪ ಹಾಗೇ ಮಾಡುತ್ತಿದ್ದ, ಗಿರಾಕಿಗೆ ಉರಿ ಗೊತ್ತಾಗುವ ಮೊದಲೇ ಹೆಬ್ಬೆರಳು ಗಾಯದ ಮೇಲಿರುತ್ತಿತ್ತು. ಇದು ಯೋಚಿಸಿ ಮಾಡುವ ಕೆಲಸವಲ್ಲ, ಕೈ ತಾನಾಗಿ ಹೋಗುತ್ತದೆ. ತಮ್ಮ ಕೆಲಸ ಕಲಿತದ್ದು ಮೊದಲು ಬಲೂನಿನ ಮೇಲೆ. ಊದಿದ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದ ಹಾಗೆ ಕತ್ತಿ ಎಳೆಯಬೇಕು. ಎಷ್ಟೋ ಬಲೂನು ಒಡೆದ ಮೇಲೆ ಒಂದು ದಿನ ಅವನು ಇದೇ ಕುರ್ಚಿಯಲ್ಲಿ ಕೂತು ತನ್ನ ಕೆನ್ನೆಯನ್ನೇ ತಮ್ಮನಿಗೆ ಕೊಟ್ಟಿದ್ದ. ತಮ್ಮ ಗಲ್ಲದ ಕೆಳಗೆ ಆಳವಾಗಿ ಕುಯ್ದ. ಕುಯ್ದವನೇ ತನ್ನ ಪುಟ್ಟ ಹೆಬ್ಬೆರಳನ್ನು ಗಾಯಕ್ಕೆ ಒತ್ತಿ ಹಿಡಿದು, ಬಿಡು ಎಂದರೂ ಬಿಡದೆ, ರಕ್ತ ಮುಂಗೈಗೆ ಇಳಿದರೂ ಬಿಡದೆ, ಅಣ್ಣಾ ಸಾಯ್ತೀಯಾ ಅಣ್ಣಾ ಸಾಯ್ತೀಯಾ ಎಂದು ಅತ್ತಿದ್ದ. ಆ ಗುರುತು ಈಗಲೂ ಇದೆ. ಕತ್ತಿ ಆಡಿಸುವಾಗ ಅಲ್ಲೊಂದು ಉಬ್ಬು ತಾಗುತ್ತದೆ.

ಅವನ ಹೆಬ್ಬೆರಳು ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು.

ನಿಂತದ್ದು ರೆಪ್ಪೆ ಬಡಿಯುವಷ್ಟು ಹೊತ್ತು. ಬೆಂಚಿನವರಿಗೆ ಕಂಡಿರಲಾರದು, ಬಾಗಿಲಿನವನಿಗಂತೂ ಅವನ ಬೆನ್ನು ಅಡ್ಡವಿತ್ತು. ಆದರೆ ಎದುರಿಗೆ ಕನ್ನಡಿಯಿತ್ತು. ಕನ್ನಡಿಯಲ್ಲಿ ಗಾಳಿಯಲ್ಲಿ ನಿಂತ ಒಂದು ಹೆಬ್ಬೆರಳು, ಅದರ ಕೆಳಗೆ ತಮ್ಮನ ಎರಡು ಕಣ್ಣು. ತಮ್ಮ ಬೆರಳನ್ನು ನೋಡಿದ. ಆಮೇಲೆ ಅಣ್ಣನನ್ನು ನೋಡಿದ. ಅಣ್ಣನಿಗೆ ಎಲ್ಲ ಗೊತ್ತಿತ್ತು, ಮೇಡಂ ಕೈ ತಿರುಗಿಸಿ ನೋಡಿ ಹೇಳಿದ್ದು ಅಕ್ಷರ ಅಕ್ಷರ ನೆನಪಿತ್ತು, ಬೆರಳಲ್ಲಿ ಗಾಯವಿರಲಿಲ್ಲ, ಸೋಪು ಪಕ್ಕದಲ್ಲೇ ಇತ್ತು. ತಡೆದು ನಿಂತ ಬೆರಳನ್ನು ಅವನು ಈಗ ಬಲವಂತದಿಂದ ಮುಂದಕ್ಕೆ ತಳ್ಳಿದ. ಅಷ್ಟರಲ್ಲಿ ತಮ್ಮ ಬಟ್ಟೆಯೊಳಗಿಂದ ಕೈ ತೆಗೆದು ಪಟಿಕದ ಕಲ್ಲನ್ನು ತಾನೇ ತೆಗೆದುಕೊಂಡು ಗಾಯಕ್ಕೆ ಹಿಡಿದಾಗಿತ್ತು. ಇರಲಿ ಅಣ್ಣಾ, ಬಿಡು ಎಂದ. ಇನ್ನೊಂದು ಕೈಯಿಂದ ಕತ್ತಿ ಇಸಿದುಕೊಂಡು, ಬ್ಲೇಡು ಬಿಚ್ಚಿ, ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿದ. ಉಳಿದ ಅರ್ಧ ಗಡ್ಡವನ್ನು ಗೋಡೆ ಕಡೆಯ ಕನ್ನಡಿಯಲ್ಲಿ ತಾನೇ ತೆಗೆದುಕೊಂಡ.

ಆಗ ಡ್ರೈವರು ಎದ್ದ. ಬೆಂಚಿನವರನ್ನೂ ಬಾಗಿಲಿಗೆ ಒರಗಿದವನನ್ನೂ ಒಂದು ಸಲ ನೋಡಿ, ನೇರ ಹೋಗಿ ಗೋಡೆ ಕಡೆಯ ಕುರ್ಚಿಯಲ್ಲಿ ಕೂತ.

"ಬಾರಪ್ಪಾ, ಬೇಗ ಮಾಡು. ನಿಮ್ಮಣ್ಣನೇ ಹೆದರಲ್ಲ ಅಂದ್ಮೇಲೆ ನಂಗೇನು? ನಾನು ಓಡ್ಸೋ ಬಸ್ಸಿಗೆ ಬ್ರೇಕೇ ಇಲ್ಲ, ಸಾಯೋದಾದ್ರೆ ಅದ್ರಲ್ಲೇ ಸಾಯೋದು" ಎಂದ.

ಬೆಂಚಿನ ಮೇಲೆ ಒಬ್ಬಿಬ್ಬರು ನಕ್ಕರು. ಮೇಷ್ಟ್ರು ಇನ್ನೊಂದು ಚಪ್ಪಲಿ ಮೆಟ್ಟಿ, ತಲೆ ತಗ್ಗಿಸಿ ಹೋದರು. ಮೆಡಿಕಲ್ ಶಾಪಿನವನು ಮೂಗು ಮುರಿದು ರಸ್ತೆ ದಾಟಿದ. ತಮ್ಮ ಕೈ ತೊಳೆದುಕೊಂಡು, ಹೊಸ ಬ್ಲೇಡನ್ನು ಡ್ರೈವರಿಗೆ ತೋರಿಸಿ ಮುರಿದು, ನೊರೆ ಹಚ್ಚಿದ. ಡ್ರೈವರಾದ ಮೇಲೆ ಇನ್ನೊಬ್ಬ ಕೂತ, ಅವನಾದ ಮೇಲೆ ಮತ್ತೊಬ್ಬ. ಗೋಡೆ ಕಡೆಯ ಕುರ್ಚಿಯ ಕೆಳಗೆ ಎಷ್ಟೋ ಕಾಲದ ಮೇಲೆ ಕೂದಲು ಬಿತ್ತು. ಅವನು ತನ್ನ ಕುರ್ಚಿಯ ಪಕ್ಕ ನಿಂತು ಒಬ್ಬರಾದ ಮೇಲೊಬ್ಬರ ತಲೆ ಹಿಡಿದು ಕೆಲಸ ಮಾಡಿದ. ನೋಡಬೇಕಾಗಿದ್ದವರೆಲ್ಲ ಅವನು ತೋರಿಸಿದ್ದನ್ನು ನೋಡಿದ್ದರು, ನಂಬಿದ್ದರು. ನಂಬದೇ ಉಳಿದವನು ಒಬ್ಬನೇ.

ಸಂಜೆ ಶಟರು ಎಳೆಯುವಾಗ ಅವನು, ಸೋಪಿಗೆ ಕೈ ಜಾರ್ತಿತ್ತು ಕಣೋ, ಅದಕ್ಕೆ ತಡವಾಯ್ತು ಎಂದ. ಹೂಂ ಎಂದ ತಮ್ಮ. ದಾರಿಯಲ್ಲಿ ಅವನು ಮತ್ತೆ, ನಿನಗೆ ಸಿಟ್ಟು ಬಂದಿದ್ದರೆ ಬೈದುಬಿಡು ಎಂದ. ಬೈದಿದ್ದರೆ ಅವನೂ ತಿರುಗಿ ಬೈಯಬಹುದಿತ್ತು; ಅಷ್ಟು ವರ್ಷದ್ದು ಅವನಲ್ಲಿ ಬೇಕಾದಷ್ಟಿತ್ತು, ಗಿರಣಿ, ಸುಳ್ಳುಗಳು, ಅಮ್ಮನ ಕಣ್ಣೀರು. ತಮ್ಮ ಬೈಯಲಿಲ್ಲ. ಇಡೀ ಊರಿನ ಮೇಲೆ ಹೊತ್ತುಕೊಂಡಿದ್ದ ಸಿಟ್ಟು ಈಗ ಇಳಿಸಲು ಜಾಗ ಸಿಗದೆ ಅವನ ಬಲಗೈಯೊಳಗೆ ಸೇರಿಕೊಂಡಿತು. ಊಟಕ್ಕೆ ಕೂತಾಗ ಕೈ ತುತ್ತು ಕಟ್ಟುವುದನ್ನು ನೋಡಿಯೇ ಅವನಿಗೆ ಹೇಸಿಗೆಯಾಯಿತು.

ಸೋಮವಾರ ಅಂಗಡಿಯಲ್ಲಿ ಬಿಡುವಿದ್ದಾಗ ತಮ್ಮ ಶಟರಿಗೆ ಎಣ್ಣೆ ಬಿಟ್ಟ. ಏಣಿಯ ಮೇಲೆ ನಿಂತುಕೊಂಡೇ ಹೇಳಿದ. ಚಿಕಿತ್ಸೆಯ ಕೇಂದ್ರದವರು ಕರೆಯುತ್ತಲೇ ಇದ್ದರಂತೆ. ಅಲ್ಲಿರುವವರಿಗೆ ಗಡ್ಡ ತೆಗೆಯಲು ಯಾರೂ ಬರುವುದಿಲ್ಲವಂತೆ. ನಾಳೆ ಅಲ್ಲಿಗೇ ಹೋಗ್ತೀನಿ, ಗಿರಣಿ ಕಡೆಗಲ್ಲ, ಹೆದರಬೇಡ ಎಂದ. ಈಗ ಜನ ಕೂರೋದಕ್ಕೆ ಶುರುಮಾಡಿದಾರಲ್ಲೋ, ಈಗ್ಯಾಕೆ ಎಂದು ಅವನು ಕೇಳಿದ. ಕೇಳುವಾಗ ತಲೆ ಮೇಲೆತ್ತಲಿಲ್ಲ, ಏಣಿಯ ಕಾಲು ಹಿಡಿದುಕೊಂಡು ನೆಲ ನೋಡುತ್ತಿದ್ದ.

"ಜನದ ಮುಖ ಅಭ್ಯಾಸ ಆಗುತ್ತೆ ಅಣ್ಣಾ. ನಿನ್ನ ಮುಖಾನ ದಿನಾ ಕನ್ನಡೀಲಿ ನೋಡ್ತಾ ಕೆಲಸ ಮಾಡಕ್ಕಾಗಲ್ಲ."

ಸಿಟ್ಟಿನಿಂದ ಹೇಳಿದ ಮಾತಲ್ಲ. ಇಳಿದು ಬಂದು, ಶಟರನ್ನು ಒಂದು ಸಲ ಕೆಳಗೆಳೆದು, ಒಂದೇ ಕೈಯಲ್ಲಿ ಮೇಲೆತ್ತಿ ತೋರಿಸಿದ. ಇನ್ನು ಒಬ್ಬನೇ ಎತ್ತಬಹುದು ನೀನು ಎಂದ.

ಅವನ ಹೆಂಡತಿಗೆ ಯಾರೂ ಏನೂ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಮರುದಿನ ಬೆಳಿಗ್ಗೆ ಮೈದುನನ ಚೀಲದಲ್ಲಿ ಮಾತ್ರೆಯ ಡಬ್ಬಿ ಮೇಲುಗಡೆಯೇ ಇದೆಯೇ ಎಂದು ನೋಡಿದಳು, ಒಗೆದ ಬಿಳಿ ಕೋಟು ಮಡಚಿ ಇಟ್ಟಳು. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಲೋಟ ತಂದು ಕೋಟಿನ ನಡುವೆ ತುರುಕಿದಳು. ತಮ್ಮ ಅದನ್ನು ತೆಗೆದು ತಳ ತಿರುಗಿಸಿ ನೋಡಿ, ಇದು ನನ್ನದೇನಾ ಅತ್ತಿಗೆ ಎಂದು ಕೇಳಿದ.

"ಯಾರದ್ದೋ. ಮುಚ್ಕೊಂಡು ತಗೊಂಡು ಹೋಗು" ಎಂದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಹೇಗೋ ತಿಳಿದಿತ್ತು.

ತಮ್ಮನ ದವಡೆಯ ಮೇಲಿನ ಗೀರು ಒಣಗಿ ಕಪ್ಪಾಗಿತ್ತು. ಹೊಸಿಲಲ್ಲಿ ಅವನು ಕೈ ಚಾಚಿದ, ಆ ಗೀರಿನ ಮೇಲೆ ಹೆಬ್ಬೆರಳಿಟ್ಟ, ಒತ್ತಿ ಹಿಡಿದ. ತಮ್ಮ ಸುಮ್ಮನೆ ನಿಂತು ಹಿಡಿಯಲು ಬಿಟ್ಟ. ನಿಲ್ಲಿಸಲು ಅಲ್ಲಿ ರಕ್ತವಿರಲಿಲ್ಲ. ಹೊತ್ತಾಗುತ್ತೆ ಅಣ್ಣಾ ಎಂದು, ಆ ಬೆರಳನ್ನು ತನ್ನ ಕೈಯಿಂದಲೇ ಮೆಲ್ಲಗೆ ಬಿಡಿಸಿ ಕೆಳಗಿಳಿಸಿ, ಚೀಲ ಹೆಗಲಿಗೆ ಹಾಕಿಕೊಂಡು ತಮ್ಮ ಹೋದ. ಅಂದು ಮಂಗಳವಾರ, ಅಂಗಡಿಗೆ ವಾರದ ರಜೆ.